ಅಧ್ಯಕ್ಷಗಿರಿಗೆ ನಾಟಕದ ಯಾವ ಪಾತ್ರ ಕೆಲಸಕ್ಕೆ ಬಂತು?

ತೀರ್ಥಹಳ್ಳಿಯಿಂದ: ನಮ್ಮೂರ ಸಹಕಾರ ಸಂಘಕ್ಕೆ ಹೊಸದಾಗಿ ಅಧ್ಯಕ್ಷೆಯಾಗಿದ್ದೇನೆ. ನಾಯಕತ್ವದ ಪುಸ್ತಕಗಳು ತಲೆಗೆ ಹತ್ತುತ್ತಿಲ್ಲ, ನಾಟಕ ನೋಡುವ ಚಟ ಮಾತ್ರ ಹಳೆಯದು. ನಾಟಕದ ಪಾತ್ರಗಳಿಂದ ನೀವೇನಾದರೂ ಕಲಿತಿದ್ದರೆ ಹೇಳಿ.

ಸಾಗರದಿಂದ: ಎಲ್ಲರೂ ಹೇಳುವ ತುಘಲಕನನ್ನೇ ನಾನೂ ಹೇಳ್ತೇನೆ. ಕಾರ್ನಾಡರ ಸುಲ್ತಾನ ದಡ್ಡನಲ್ಲ. ತಾಮ್ರಕ್ಕೂ ಬೆಳ್ಳಿಗೂ ಒಂದೇ ಬೆಲೆ ಅಂತ ಸಾರಿದ, ಖೋಟಾ ತಡೆಯೋಕಾಗಲಿಲ್ಲ. ಕೊನೆಗೆ ಅವನ ಗುಲಾಬಿ ತೋಟದಲ್ಲೇ ಕಳ್ಳ ನಾಣ್ಯದ ರಾಶಿ. ಹೊಸ ಸಾಲ ಯೋಜನೆ ತರುವ ಮೊದಲು ಗುಮಾಸ್ತರನ್ನು ಕರೆದು, ‘ಇದರಲ್ಲಿ ಮೋಸ ಹೇಗೆ ಮಾಡಬಹುದು?’ ಅಂತ ಕೇಳಿಬಿಡಿ. ಆ ನಾಟಕದ ವಂಚಕ ಅಜೀಜನಂಥವನು ಎಲ್ಲಾ ಊರಲ್ಲೂ ಇರ್ತಾನೆ ಮಾರಾಯ್ರೆ.

ಶಿವಮೊಗ್ಗದಿಂದ: ನನ್ನ ಓಟು ಷೇಕ್ಸ್‌ಪಿಯರನ ಬ್ರೂಟಸ್‌ಗೆ. ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಸೀಸರನನ್ನು ಕೊಂದ ಗುಂಪಿನ ಮುಂದಾಳು ಅವನು. ಸಜ್ಜನ, ತೊಂದರೆಯೂ ಅದೇ. ಸೀಸರನ ಗೆಳೆಯ ಆಂಟನಿಯನ್ನು ಉಳಿಸಬೇಡ ಅಂದ ಜೊತೆಗಾರ ಕ್ಯಾಸಿಯಸ್, ಬ್ರೂಟಸ್ ಉಳಿಸಿದ. (ಆ ಸಲಹೆ ನಿಮಗೆ ಬೇಡ ಬಿಡಿ!) ಸೀಸರನ ಹೆಣದ ಮುಂದೆ ಅವನಿಗೆ ಮಾತಾಡಲು ಬಿಡಬೇಡ ಅಂದ, ಬಿಟ್ಟ. ಯುದ್ಧಕ್ಕೆ ಫಿಲಿಪ್ಪಿಗೆ ನಾವಾಗಿ ಹೋಗೋದು ಬೇಡ ಅಂದ, ಹೋದ. ತನ್ನ ಉದ್ದೇಶ ಶುದ್ಧ ಅನ್ನೋ ನಂಬಿಕೆಯಲ್ಲಿ ಅನುಭವಸ್ಥನ ಮಾತು ಕಿವಿಗೇ ಬೀಳಲಿಲ್ಲ. ಇನ್ನೊಂದು ವಿಷಯ: ತನ್ನ ಭಾಷಣ ಮುಗಿಸಿ, ಆಂಟನಿಯದ್ದು ಕೇಳಿ ಅಂತ ಜನರಿಗೆ ಹೇಳಿ, ತಾನು ಎದ್ದು ಹೋಗ್ತಾನೆ. ಸರ್ವಸದಸ್ಯರ ಸಭೆಯಲ್ಲಿ ವಂದನಾರ್ಪಣೆ ಆಗೋವರೆಗೂ ಕುರ್ಚಿ ಬಿಡಬೇಡಿ ಮೇಡಂ.

ಹೊಸನಗರದಿಂದ: ಲಂಕೇಶರು ಕನ್ನಡಕ್ಕೆ ತಂದ ‘ಅಂತಿಗೊನೆ’ ಓದಿ. ದ್ರೋಹಿ ಅಂತ ದೊರೆ ಕ್ರಿಯಾನ್ ಯಾರ ಹೆಣ ಹೂಳಬಾರದು ಅಂದನೋ, ಆ ಅಣ್ಣನಿಗೆ ಅಂತಿಗೊನೆ ಮಣ್ಣು ಹಾಕ್ತಾಳೆ; ಅದಕ್ಕೆ ಅವಳನ್ನು ಜೀವಂತ ಗುಹೆಯಲ್ಲಿ ಮುಚ್ಚೋ ಶಿಕ್ಷೆ. ಕ್ರಿಯಾನ್ ಹಟಮಾರಿ ಅನ್ನೋದು ಎಲ್ಲರಿಗೂ ಕಾಣುತ್ತೆ. ಮಗ ಹೈಮನ್ ಬಂದು, ಊರಿನವರು ಕತ್ತಲಲ್ಲಿ ಆ ಹುಡುಗಿಗಾಗಿ ಮರುಗ್ತಿದ್ದಾರೆ, ನಿಮ್ಮೆದುರು ಹೇಳೋಕೆ ಹೆದರ್ತಾರೆ ಅಂತಾನೆ. ಅಪ್ಪನಿಗೆ ಸಿಟ್ಟೇ ಬರುತ್ತೆ. ಆದರೆ ನನ್ನನ್ನು ಕಾಡೋದು ಅದರ ಮುಂದಿನ ಭಾಗ. ಕ್ರಿಯಾನ್ ಕೊನೆಗೆ ಬದಲಾಗ್ತಾನೆ. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಸತ್ತವನಿಗೆ ಗೋರಿ ಕಟ್ಟು ಅಂತ ಮೇಳದವರು ಹೇಳ್ತಾರೆ. ಅವನು ಮೊದಲು ಸತ್ತವನ ಸಂಸ್ಕಾರ ಮುಗಿಸಿ ನಂತರ ಗುಹೆಗೆ ಹೋಗ್ತಾನೆ. ಅಷ್ಟರಲ್ಲಿ ಅವಳು ನೇಣು ಹಾಕಿಕೊಂಡಿದ್ದಳು.

ನಾನು ಕೆಲಸ ಮಾಡಿದ ಕಡೆ ಒಬ್ಬ ಅಧ್ಯಕ್ಷರಿದ್ದರು. ಬಡ್ಡಿ ತಪ್ಪು ಲೆಕ್ಕ ಹಾಕಿ ಒಬ್ಬ ಸದಸ್ಯರಿಗೆ ನೋಟಿಸು ಹೋಗಿದ್ದು ಗೊತ್ತಾದ ಕೂಡಲೇ ಸ್ಕೂಟರ್ ಹತ್ತಿ ಅವರ ಮನೆಗೇ ಹೋದರು. ಆಡಿಟರಿಗೆ ಫೋನು, ಲೆಡ್ಜರ್ ತಿದ್ದೋದು ಎಲ್ಲ ಮಾರನೇ ದಿನಕ್ಕೆ. ಅವರು ನಾಟಕ ನೋಡಿದವರೇನಲ್ಲ, ಅದು ಬೇರೆ ಮಾತು.