ಅಪ್ಪ ಪುಣೆಗೆ ಬರುವುದಿಲ್ಲ ಎನ್ನುತ್ತಾರೆ, ಏನು ಮಾಡಲಿ?

ಅರಕಲಗೂಡು ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1994ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದರು. ಶುಗರ್ ಜಾಸ್ತಿಯಾಗಿ, ಹೆಬ್ಬೆರಳಿನ ಗಾಯ ವಾಸಿಯಾಗದೆ, ಎರಡು ತಿಂಗಳ ಹಿಂದೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇಸಿಎಚ್‌ಎಸ್ ಕಾರ್ಡ್ (ಮಾಜಿ ಸೈನಿಕರ ಆರೋಗ್ಯ ಯೋಜನೆಯದು) ಇದ್ದಿದ್ದರಿಂದ ಆಪರೇಷನ್‌ಗೆ ಕೈಯಿಂದ ದುಡ್ಡು ಹೋಗಲಿಲ್ಲ. ಆ ಯೋಜನೆಯ ಪಾಲಿಕ್ಲಿನಿಕ್ ಡಾಕ್ಟರು, ಸೈನ್ಯದವರು ಕೃತಕ ಕೈಕಾಲು ಮಾಡಿಕೊಡುವ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ ಹೆಸರು ಹೇಳಿದ್ದೇ ತಡ, ಅಪ್ಪ "ಅದು ಗಡಿಯಲ್ಲಿ ಕಾಲು ಕಳಕೊಂಡವರಿಗೆ, ಮೈಸೂರು ಪಾಕ್ ತಿಂದು ಕಳಕೊಂಡವನಿಗಲ್ಲ" ಎಂದು ಮುಖ ತಿರುಗಿಸಿದರು.

ಹಗಲೆಲ್ಲಾ ಕಾಲ ಮೇಲೆ ಪಂಚೆ ಹೊದ್ದು ಕೋಣೆಯಲ್ಲೇ ಇರುತ್ತಾರೆ. ಯಾರಾದರೂ ಬಂದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುತ್ತಾರೆ. ರಾತ್ರಿಯಾದರೆ, ಇಲ್ಲದ ಪಾದ ಉರಿಯುತ್ತಿದೆ ಎಂದು ಅಮ್ಮನನ್ನು ಎಬ್ಬಿಸುತ್ತಾರೆ. ಇವರಿಗೆ ತಲೆ ಕೆಡುತ್ತಿದೆಯೇನೋ ಎಂದು ಅಮ್ಮ ಸುಮ್ನೆ ಅಳುತ್ತಾರೆ. ಶುಗರ್‌ನಿಂದ ಕಾಲು ಹೋದವರಿಗೂ ಪುಣೆಯಲ್ಲಿ ಕಾಲು ಕೊಡುತ್ತಾರಾ? ಅಪ್ಪನನ್ನು ಒಪ್ಪಿಸುವುದು ಹೇಗೆ?

ಒಂಟಿಕಾಲು ನಾಯಕ್:

ತಂಗಿ, ಮೊದಲು ಅಮ್ಮನಿಗೆ ಹೇಳು, ಇದು ತಲೆ ಕೆಟ್ಟಿದ್ದಲ್ಲ. ನನ್ನ ಕಾಲು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಮೋಡ ಕವಿದ ದಿನ ಈಗಲೂ ಕಿರುಬೆರಳು ತುರಿಸುತ್ತದೆ. ಕೆರೆಯೋಣ ಎಂದರೆ ಬೆರಳೇ ಇಲ್ಲ! ಪಾದ ಹೋದರೂ ಮಿದುಳಿನಲ್ಲಿ ಅದರ ಜಾಗ ಹಾಗೇ ಉಳಿದಿರುತ್ತದೆ. ಅದಕ್ಕೆ ಬೇರೆ ಮಾತ್ರೆಗಳಿವೆ. ಪಾಲಿಕ್ಲಿನಿಕ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ನಮ್ಮವರು ಹೇಳುವುದಿಲ್ಲ, ಅದೇ ರೋಗ.

ನನ್ನದು 2002, ಆಪರೇಷನ್ ಪರಾಕ್ರಮ್ ಸಮಯ, ಪಾಕಿಸ್ತಾನದ ಗಡಿಯಲ್ಲಿ ಸೈನ್ಯ ನಿಲ್ಲಿಸಿದ್ದಾಗ. ರಾಜಸ್ಥಾನದ ಗಡಿಯಲ್ಲಿ ನಾವೇ ಹೂತಿದ್ದ ಮೈನು, ಅಂದರೆ ನೆಲಬಾಂಬು. ಪೇಪರಿನವರು ಗಡಿಯಲ್ಲಿ ಎಂದು ಬರೆಯುತ್ತಾರೆ, ಸರಿ. ಆದರೆ ಶತ್ರು ಮುಖವನ್ನೇ ನೋಡದೆ ಕಾಲು ಕಳಕೊಂಡ ನನಗೂ ನಿಮ್ಮಪ್ಪನ ಹಾಗೇ ನಾಚಿಕೆ ಇತ್ತು.

ಪುಣೆಯ ಸೆಂಟರ್ ಶುರುವಾಗಿದ್ದು 1944ರಲ್ಲಿ, ಎರಡನೇ ಮಹಾಯುದ್ಧದಲ್ಲಿ ಕೈಕಾಲು ಹೋದವರಿಗಾಗಿ. ಉಳಿದ ಮೋಟುಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ, ಅದರ ಮೇಲೆ ಸಾಕೆಟ್, ಅಂದರೆ ಮೋಟು ಕೂರುವ ಗೂಡು, ಮಾಡುತ್ತಾರೆ. ಆಮೇಲೆ ಎರಡು ಕಂಬಿಗಳ ನಡುವೆ ನಡೆಸುತ್ತಾರೆ. ಎಲ್ಲಿ ಉಜ್ಜುತ್ತದೆ ಎಂದು ಕೇಳಿ ತಿದ್ದುತ್ತಾರೆ. ಮತ್ತೆ ನಡೆಸುತ್ತಾರೆ. ಆದರೆ ನನಗೆ ನಿಜವಾಗಿ ವಾಸಿಯಾಗಿದ್ದು ವಾರ್ಡಿನಲ್ಲಿ. ಅಲ್ಲಿ ಯಾರೂ ಪಂಚೆ ಹೊದ್ದು ಮುಚ್ಚಿಕೊಳ್ಳುವುದಿಲ್ಲ. ರಾತ್ರಿ ಕಾಲು ಬಿಚ್ಚಿ ಮಂಚದ ಪಕ್ಕ ಬೂಟಿನ ಹಾಗೆ ಇಡುತ್ತಾರೆ. ಒಬ್ಬ ಮರಾಠಿ ಸುಬೇದಾರ್ ಸಾಬ್ ದಿನಾ ಬಂದು ಪ್ಯಾಂಟ್ ಮಡಚಿ, ಕಾಲನ್ನು ಟಕಟಕ ಬಡಿದು, "ಇದಕ್ಕೆ ಸೊಳ್ಳೆ ಕಚ್ಚಲ್ಲ" ಎನ್ನುತ್ತಿದ್ದರು. ನಾನು ಎದ್ದು ನಿಂತಿದ್ದು ಅವರ ಕಾಟ ತಡೆಯಲಾಗದೆ.

ಈಗ ನಾನೂ ಅದೇ ಕೆಲಸ ಮಾಡುತ್ತೇನೆ. ಮೈಸೂರಿನಲ್ಲಿದ್ದೇನೆ. ಮಾಜಿ ಸೈನಿಕರ ಸಂಘದವರು ಹೇಳಿದರೆ ಆಸ್ಪತ್ರೆಗೋ ಮನೆಗೋ ಹೋಗಿ ಪ್ಯಾಂಟ್ ಮಡಚುತ್ತೇನೆ, ಅಷ್ಟೆ. ಭಾಷಣ ಮಾಡುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಮೊಣಕಾಲಿನ ಕೆಳಗೆ ದಿಂಬು ಇಟ್ಟಿದ್ದರೆ ಇವತ್ತೇ ತೆಗೆ. ಹಾಯಾಗಿರುತ್ತದೆ ಎಂದು ಇಡುತ್ತಾರೆ, ಆದರೆ ಮಂಡಿ ಮಡಚಿಕೊಂಡೇ ಬಿಗಿದುಬಿಡುತ್ತದೆ. ಆಮೇಲೆ ಎಂಥ ಕಾಲು ಕೊಟ್ಟರೂ ನಡೆಯುವುದು ಕಷ್ಟ. ಕ್ರೇಪ್ ಬ್ಯಾಂಡೇಜ್ ಸುತ್ತುವುದನ್ನು ಫಿಸಿಯೋ ಹತ್ತಿರ ಕಲಿತುಕೋ. ಊತ ಇಳಿದು ಮೋಟು ಸರಿಯಾದ ಆಕಾರಕ್ಕೆ ಬಂದರೇನೇ ಸಾಕೆಟ್ ಕೂರುವುದು. ಉಳಿದ ಪಾದವನ್ನು ದಿನಾ ನೋಡು, ಬೆರಳ ಸಂದಿಯನ್ನೂ ಬಿಡಬೇಡ.

ಪಾಲಿಕ್ಲಿನಿಕ್ ಕಾಕಾ:

ನಾನು ಪಾಲಿಕ್ಲಿನಿಕ್‌ನಲ್ಲಿ ವಾರಕ್ಕೆರಡು ದಿನ ಕೂತು ವಯಸ್ಸಾದವರ ಫಾರಂ ತುಂಬಿಕೊಡುತ್ತೇನೆ. ಸಂಬಳವಿಲ್ಲ, ಟೀ ಸಿಗುತ್ತದೆ. ಕಾಲು ಮೈನಿಗೆ ಹೋಯಿತೋ ಶುಗರ್‌ಗೆ ಹೋಯಿತೋ, ಮಾಜಿ ಸೈನಿಕರಿಗೆ ಪುಣೆಯಲ್ಲಿ ಕಾಲು ಸಿಗುತ್ತದೆ. ಸೀದಾ ಹೋಗಿ ನಿಲ್ಲಬೇಡಿ. ಮೊದಲು ಪಾಲಿಕ್ಲಿನಿಕ್‌ನಿಂದ ರೆಫರಲ್ ಬರೆಸಿ, ಅಲ್ಲಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಕಾರ್ಡ್, ಪಿಪಿಒ (ಪೆನ್ಷನ್ ಆದೇಶ ಪತ್ರ), ಡಿಸ್ಚಾರ್ಜ್ ಸಮ್ಮರಿ ಮೂರಕ್ಕೂ ಎರಡೆರಡು ಜೆರಾಕ್ಸ್ ಇರಲಿ. ಒಂದು ಸಲ ನನ್ನ ಫೈಲನ್ನೇ ಕಳೆದು "ನೀವು ಕೊಟ್ಟೇ ಇಲ್ಲ" ಎಂದಿದ್ದರು, ಅದಕ್ಕೇ ಹೇಳಿದ್ದು.

ಬೆಳಗಾವಿ ವಹಿನಿ:

ತಂಗಿ, ನಮ್ಮ ಮನೆಯವರು ಬೆನ್ನಿಗೆ ಗಾಯವಾಗಿ ಬಂದಾಗ ನೋಡಲು ಬಂದವರೆಲ್ಲ ಅವರನ್ನೇ ಮಾತಾಡಿಸುತ್ತಿದ್ದರು. "ನೀ ಉಂಡೆಯಾ?" ಎಂದು ನನ್ನನ್ನು ಕೇಳಿದ್ದು ಪಕ್ಕದ ಮನೆಯ ಅಜ್ಜಿ ಒಬ್ಬರೇ. ವಾರಕ್ಕೆ ಎರಡು ರಾತ್ರಿ ಅಪ್ಪನ ಪಕ್ಕ ನೀನು ಮಲಗು. ಅಮ್ಮ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಲಿ. ಪುಣೆಯ ಮಾತು ಆಮೇಲೆ.

ಅರಕಲಗೂಡು ಹುಡುಗಿ:

ದಿಂಬು ಇತ್ತು! ತೆಗೆದೆ. ನಿನ್ನೆ ಅಮ್ಮ ನನ್ನ ಕೋಣೆಯಲ್ಲಿ ಬೆಳಗಿನ ತನಕ ಮಲಗಿದರು. ನಾಯಕ್ ಸರ್ ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. ಸೊಳ್ಳೆಯ ವಿಷಯಕ್ಕೂ ನಗಲಿಲ್ಲ. ಹೊರಗೆ ಬರುವಾಗ ಹಿಂದಿನಿಂದ ಕರೆದು, "ಅವನದು ಯಾವ ಕಾಲಂತೆ?" ಎಂದರು. ಸರ್, ಯಾವ ಕಾಲು?

ಒಂಟಿಕಾಲು ನಾಯಕ್:

ಬಲಗಾಲು. ಬೂಟಿನ ಸೈಜ್ 8. ಅವರದೂ 8 ಆಗಿದ್ದರೆ ಇಬ್ಬರಿಗೂ ಒಂದೇ ಜೋಡಿ ಸಾಕು ಎಂದು ಹೇಳು. ಭಾನುವಾರ ಬರುತ್ತೇನೆ, ಮನೆ ದಾರಿ ಮೆಸೇಜ್ ಮಾಡು.