ಬಟ್ಟಿ ಇಳಿಸಿದ ನೀರಿನಲ್ಲಿ ಸೋಡಿಯಂ ಸಲ್ಫೈಟ್ ಹಾಕಿದರೂ ಆಮ್ಲಜನಕದ ಮೀಟರ್ ಸೊನ್ನೆಗೆ ಇಳಿಯುತ್ತಿಲ್ಲ

ಪ್ರಶ್ನೆ:
ಮೀನಿನ ತೊಟ್ಟಿಗಾಗಿ ಇಟ್ಟುಕೊಂಡಿರುವ ಕರಗಿದ ಆಮ್ಲಜನಕದ ಮೀಟರನ್ನು ಸೊನ್ನೆಗೆ ಹೊಂದಿಸಲು ಅರ್ಧ ಲೀಟರ್ ಬೋರ್‌ವೆಲ್ ನೀರಿಗೆ ಆಮ್ಲಜನಕವನ್ನು ಹೀರಿಕೊಳ್ಳುವ ಉಪ್ಪಾದ ಸೋಡಿಯಂ ಸಲ್ಫೈಟನ್ನು 1 ಗ್ರಾಂ ಹಾಕುತ್ತಿದ್ದೆ. ಎರಡೇ ನಿಮಿಷದಲ್ಲಿ ಅಂಕಿ 0.1ಕ್ಕೆ ಬರುತ್ತಿತ್ತು. ಶುದ್ಧ ನೀರಾದರೆ ಇನ್ನೂ ನಿಖರವಾಗಬಹುದೆಂದು ಈ ಬಾರಿ ಬಟ್ಟಿ ಇಳಿಸಿದ ನೀರು ತಂದು, ಬಾಟಲಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಗಲಬರಿಸಿ, ಅದೇ ಡಬ್ಬಿಯ ಉಪ್ಪನ್ನು ಅದೇ ಅಳತೆಯಲ್ಲಿ ಕರಗಿಸಿದೆ. ನಲವತ್ತು ನಿಮಿಷವಾದರೂ ಅಂಕಿ 5.2ರ ಕೆಳಗೆ ಇಳಿದಿಲ್ಲ. ಉಪ್ಪು ಕೆಟ್ಟಿರಬಹುದೇ?

ಉತ್ತರ:
ಉಪ್ಪಿನ ಮೇಲೆ ಅನುಮಾನ ಬೇಡ. 1 ಮಿಲಿಗ್ರಾಂ ಆಮ್ಲಜನಕಕ್ಕೆ ಸುಮಾರು 7.9 ಮಿಲಿಗ್ರಾಂ ಸೋಡಿಯಂ ಸಲ್ಫೈಟ್ ಬೇಕು. 25 ಡಿಗ್ರಿಯ ಅರ್ಧ ಲೀಟರ್ ನೀರಿನಲ್ಲಿರುವುದು ಸುಮಾರು 4 ಮಿಲಿಗ್ರಾಂ ಆಮ್ಲಜನಕ. ಅಂದರೆ ನೀವು ಅಗತ್ಯಕ್ಕಿಂತ ಮೂವತ್ತು ಪಟ್ಟು ಹಾಕಿದ್ದೀರಿ, ಉಪ್ಪಿನ ಅರ್ಧದಷ್ಟು ಗಾಳಿ ತಗುಲಿ ಆಗಲೇ ಸಲ್ಫೇಟ್ ಆಗಿಹೋಗಿದ್ದರೂ ಕೊರತೆಯಾಗದು. ಆದರೂ ಸಮಾಧಾನಕ್ಕಾಗಿ ಚೂರು ದ್ರಾವಣಕ್ಕೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿಡಿ. ಕಂದು ಬಣ್ಣ ಕ್ಷಣದಲ್ಲಿ ಮಾಯವಾದರೆ ಸಲ್ಫೈಟ್ ಇದೆ ಎಂದೇ ಅರ್ಥ.

ಕೊರತೆಯಾಗಿರುವುದು ವೇಗ. ಸಲ್ಫೈಟ್ ಸಲ್ಫೇಟ್ ಆಗುವುದು ಸರಪಳಿ ಕ್ರಿಯೆಯಿಂದ: ತಾಮ್ರ, ಕೋಬಾಲ್ಟ್, ಕಬ್ಬಿಣದಂತಹ ಲೋಹದ ಅಯಾನು ಸಲ್ಫೈಟಿನಿಂದ ಒಂದು ಇಲೆಕ್ಟ್ರಾನನ್ನು ಕಿತ್ತಾಗ ಹುಟ್ಟುವ, ತುಂಬ ಚುರುಕಾಗಿ ವರ್ತಿಸುವ ಕಣವಾದ ರ‍್ಯಾಡಿಕಲ್ ಆಮ್ಲಜನಕವನ್ನು ಹಿಡಿದುಕೊಂಡು, ಮುಂದಿನ ಸಲ್ಫೈಟಿನ ಮೇಲೆರಗುತ್ತದೆ, ಹೀಗೆ ಒಂದು ಕಿಡಿ ಸಾವಿರಾರು ಅಣುಗಳನ್ನು ದಾಟುತ್ತದೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಆ ಕಿಡಿಗೆ ಬೇಕಾದ ಲೋಹ ತಾನಾಗಿಯೇ ಇತ್ತು. ಬಟ್ಟಿ ಇಳಿಸಿದ ನೀರಿನಲ್ಲಿ ಅದಿಲ್ಲ. ತಾಮ್ರದ ಅತ್ಯಲ್ಪ ಅಂಶವೂ ಇಲ್ಲಿ ಎಷ್ಟು ಪ್ರಬಲವೆಂಬುದನ್ನು 1903ರಷ್ಟು ಹಿಂದೆಯೇ ರಸಾಯನ ವಿಜ್ಞಾನಿ ಟಿಟಾಫ್ ತೋರಿಸಿದ್ದರು. ಇನ್ನು ಸ್ಪಿರಿಟ್: ಬಾಟಲಿಯ ಗೋಡೆಗೆ ಅಂಟಿ ಉಳಿದ ಆಲ್ಕೊಹಾಲ್ ಈ ರ‍್ಯಾಡಿಕಲ್‌ಗಳನ್ನೇ ಹೀರಿ ಸರಪಳಿಯನ್ನು ಕಡಿಯುತ್ತದೆ. ನಿಮ್ಮ ಪ್ರಯೋಗದಲ್ಲಿ ಎರಡೂ ಕಾರಣಗಳು ಒಟ್ಟಿಗೆ ಸೇರಿವೆ.

ಬಾಟಲಿಯನ್ನು ಬಿಸಿನೀರಿನಲ್ಲಿ ನಾಲ್ಕೈದು ಬಾರಿ ತೊಳೆದು, ಹೊಸ ದ್ರಾವಣಕ್ಕೆ ಕೋಬಾಲ್ಟ್ ಕ್ಲೋರೈಡಿನ ಒಂದು ಸಣ್ಣ ಹರಳು ಹಾಕಿ. ಸಿಗದಿದ್ದರೆ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವವರ ಮನೆಯ ಮೈಲುತುತ್ತದ (ತಾಮ್ರದ ಸಲ್ಫೇಟ್) ಸಾಸಿವೆ ಕಾಳಿನಷ್ಟು ಚೂರೂ ಆದೀತು.

ಪ್ರಶ್ನಿಸಿದವರು:
ಮೈಲುತುತ್ತವನ್ನೇ ಹಾಕಿದೆ. ನೋಡನೋಡುತ್ತಿದ್ದಂತೆ ಅಂಕಿ 7.4ರಿಂದ ಜಾರಿ ಮೂರು ನಿಮಿಷದಲ್ಲಿ 0.0 ತಲುಪಿತು. ಈ ದ್ರಾವಣವನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬಹುದೇ?

ಉತ್ತರ:
ಇಟ್ಟುಕೊಳ್ಳಬೇಡಿ. ಮುಚ್ಚಳ ತೆಗೆದಾಗಲೆಲ್ಲ ಒಳಹೋಗುವ ಗಾಳಿಯನ್ನು ಅದೇ ತಾಮ್ರ ಸಲ್ಫೈಟಿಗೆ ಉಣಿಸುತ್ತ ದ್ರಾವಣವನ್ನು ಬರಿದು ಮಾಡುತ್ತದೆ. ಸಲ್ಫೈಟನ್ನು ಉಳಿಸಿಕೊಳ್ಳಲೇಬೇಕಾದ ಪ್ರಯೋಗಗಳಲ್ಲಿ ಲೋಹವನ್ನು ಕಟ್ಟಿಹಾಕಲು ಇಡಿಟಿಎ ಎಂಬ ರಾಸಾಯನಿಕ ಸೇರಿಸುತ್ತಾರೆ. ನಿಮಗೆ ಬೇಕಿರುವುದು ಅದಕ್ಕೆ ತದ್ವಿರುದ್ಧ, ಆದ್ದರಿಂದ ಇಡಿಟಿಎ ಇರುವ ಯಾವುದೇ ದ್ರಾವಣದ ಪಾತ್ರೆಯನ್ನು ಇದಕ್ಕೆ ಬಳಸಬೇಡಿ. ಉಪ್ಪನ್ನು ಒಣಗಿದ ಡಬ್ಬಿಯಲ್ಲಿಟ್ಟು, ಆಯಾ ದಿನಕ್ಕೆ ಬೇಕಾದಷ್ಟೇ ಕರಗಿಸಿಕೊಳ್ಳಿ. ಪ್ರೋಬನ್ನು ತೊಟ್ಟಿಗೆ ಇಳಿಸುವ ಮೊದಲು ಮರೆಯದೆ ಚೆನ್ನಾಗಿ ತೊಳೆಯಿರಿ, ತಾಮ್ರ ಮೀನಿಗೆ ವಿಷ.