ಯೇಸು ಸ್ವಾಮಿ, ಈಸಾ ಪ್ರವಾದಿ: ಭಿನ್ನ ವಿಶ್ವಾಸದ ಗೆಳತಿಯೊಂದಿಗೆ ಈ ಮಾತನ್ನು ಹೇಗೆ ಆಡುವುದು?

ಕೇಳಿದವರು: ಮಂಗಳೂರು ಮೂಲದ ಕಥೋಲಿಕ ನರ್ಸ್, ಕುವೈತ್

ಕರಾವಳಿಯವರೇ ಆದ ಮುಸ್ಲಿಂ ಸಹೋದ್ಯೋಗಿಯೊಬ್ಬರೊಂದಿಗೆ ನಾನು ಒಂದೇ ಫ್ಲ್ಯಾಟಿನಲ್ಲಿ ವಾಸವಾಗಿದ್ದೇನೆ. ನಮ್ಮಿಬ್ಬರಿಗೂ ದೇವರಲ್ಲಿ ಆಳವಾದ ವಿಶ್ವಾಸವಿದೆ, ಒಬ್ಬರ ಉಪವಾಸ ಮತ್ತು ಪ್ರಾರ್ಥನೆಗಳನ್ನು ಇನ್ನೊಬ್ಬರು ಗೌರವಿಸುತ್ತೇವೆ. ಆದರೆ ಯೇಸು ಸ್ವಾಮಿಯ ವಿಷಯ ಬಂದಾಗಲೆಲ್ಲ ಮಾತು ಕಹಿಯಾಗಿ ನಿಲ್ಲುತ್ತದೆ. ಉಂಡು, ಮಲಗಿ, ಅತ್ತವರು ದೇವರಾಗುವುದು ಹೇಗೆ ಎಂದು ಅವರು ಕೇಳುತ್ತಾರೆ. ಕನ್ಯೆಯಲ್ಲಿ ಹುಟ್ಟಿ ಸತ್ತವರನ್ನು ಎಬ್ಬಿಸಿದವರು ಬರಿಯ ಮನುಷ್ಯರಾಗುವುದು ಹೇಗೆ ಎಂದು ನಾನು ಕೇಳುತ್ತೇನೆ. ಇಂತಹ ಸಂಭಾಷಣೆಯನ್ನು ಸ್ನೇಹ ಕೆಡದಂತೆ ನಡೆಸಿದ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಪ್ರೌಢಶಾಲಾ ಅಧ್ಯಾಪಕರು, ಉಡುಪಿ ಜಿಲ್ಲೆ

ಸಹೋದರಿ, ಮುಸ್ಲಿಮನಾದ ನನಗೆ ಕ್ರೈಸ್ತ ಸಹೋದ್ಯೋಗಿಗಳೊಂದಿಗೆ ಇದೇ ಚರ್ಚೆ ಅನೇಕ ಬಾರಿ ನಡೆದಿದೆ. ನೀವು ಕೇಳುವ ಪ್ರಶ್ನೆ ನಿಮ್ಮ ಗೆಳತಿಯನ್ನು ಏಕೆ ತಟ್ಟುವುದಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಈಸಾರ ತಾಯಿ ಮರ್ಯಮ್ ಅವರು ಪುರುಷ ಸಂಪರ್ಕವಿಲ್ಲದೆ ಗರ್ಭ ಧರಿಸಿದರೆಂಬುದನ್ನು, ಈಸಾ ಅಲೈಹಿಸ್ಸಲಾಮ್ (ಅವರ ಮೇಲೆ ಶಾಂತಿ ಇರಲಿ) ಅವರು ಕುರುಡರಿಗೆ ದೃಷ್ಟಿ ಕೊಟ್ಟರು, ಕುಷ್ಠರೋಗಿಗಳನ್ನು ಗುಣಪಡಿಸಿದರು, ಸತ್ತವರನ್ನು ಎಬ್ಬಿಸಿದರೆಂಬುದನ್ನು ಕುರಾನ್ ಸ್ವತಃ ಸಾರುತ್ತದೆ, ಆದ್ದರಿಂದ ಅವು ಮುಸ್ಲಿಮರಿಗೂ ನಂಬಿಕೆಯ ವಿಷಯಗಳೇ ಆಗಿವೆ. ಆದರೆ ಪ್ರತಿ ಪವಾಡದ ಬಳಿಯೂ 'ಅಲ್ಲಾಹನ ಅನುಮತಿಯಿಂದ' ಎಂಬ ಮಾತು ಅಲ್ಲಿ ಬರುತ್ತದೆ. ತಂದೆಯಿಲ್ಲದೆ ಹುಟ್ಟಿದ್ದರ ಬಗ್ಗೆ 3ನೇ ಅಧ್ಯಾಯದ 59ನೇ ವಚನವು, ಅಲ್ಲಾಹನ ದೃಷ್ಟಿಯಲ್ಲಿ ಈಸಾರ ಉದಾಹರಣೆ ಆದಮರ ಹಾಗೆಯೇ, ಆದಮರನ್ನು ಅವನು ಮಣ್ಣಿನಿಂದ ಸೃಷ್ಟಿಸಿ 'ಆಗು' ಎಂದನು, ಅವರು ಆದರು ಎಂದು ವಿವರಿಸುತ್ತದೆ. ತಂದೆ ತಾಯಿ ಇಬ್ಬರೂ ಇಲ್ಲದ ಆದಮರೇ ದೇವರಲ್ಲದಿರುವಾಗ, ಕನ್ಯಾಜನನದಿಂದ ದೈವತ್ವ ಸಿದ್ಧವಾಗುತ್ತದೆಂದು ಮುಸ್ಲಿಮನಿಗೆ ಅನ್ನಿಸುವುದಿಲ್ಲ.

ಹಾಗೆಯೇ 'ಬರಿಯ ಮನುಷ್ಯ' ಎಂಬ ಮಾತು ನಿಮ್ಮ ಗೆಳತಿಯನ್ನೂ ನೋಯಿಸುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ನಮ್ಮ ಪಾಲಿಗೆ ಅವರು ಮಸೀಹ್, ಅಂದರೆ ಮೆಸ್ಸೀಯ; ಅಲ್ಲಾಹನ ಸಂದೇಶವಾಹಕರು; 4ನೇ ಅಧ್ಯಾಯದ 171ನೇ ವಚನದ ಪ್ರಕಾರ ಮರ್ಯಮ್ ಅವರೆಡೆಗೆ ಕಳುಹಿಸಲಾದ ಅಲ್ಲಾಹನ ವಚನ, ಅವನ ಕಡೆಯಿಂದ ಬಂದ ಆತ್ಮ. ಅಷ್ಟಾಗಿಯೂ ಅವರು ದಾಸರೇ, ಏಕೆಂದರೆ ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಿನ ಗೆರೆಯನ್ನು ಯಾವ ಪ್ರವಾದಿಯೂ, ಯಾವ ದೇವದೂತರೂ ದಾಟುವುದಿಲ್ಲ ಎಂಬುದೇ ತೌಹೀದಿನ, ಅಂದರೆ ದೇವರ ಏಕತ್ವದ ನಂಬಿಕೆಯ, ತಿರುಳು. ದಾಸರೆಂದು ಕರೆಯುವುದರಲ್ಲಿ ಅವರಿಗೆ ಅವಮಾನವಾಯಿತೆಂದು ನಾವು ಭಾವಿಸುವುದಿಲ್ಲ. ಅಲ್ಲಾಹನ ದಾಸನಾಗುವುದಕ್ಕಿಂತ ದೊಡ್ಡ ಪದವಿ ಮನುಷ್ಯನಿಗೆ ಇಲ್ಲವೆಂಬ ಭಾವನೆಯಿಂದಲೇ, ತಾಯಿ ಮತ್ತು ಮಗ ಇಬ್ಬರೂ ಆಹಾರ ಸೇವಿಸುತ್ತಿದ್ದರೆಂದು 5ನೇ ಅಧ್ಯಾಯದ 75ನೇ ವಚನ ಹೇಳುವುದನ್ನು ನಾವು ಓದುತ್ತೇವೆ.

ಧರ್ಮೋಪದೇಶ ತರಗತಿ ನಡೆಸುವ ಕಥೋಲಿಕ ಶಿಕ್ಷಕಿ, ಬೆಂಗಳೂರು

ಮೇಲಿನ ಉತ್ತರಕ್ಕಾಗಿ ಸರ್ ಅವರಿಗೆ ನನ್ನ ವಂದನೆಗಳು. ನಿಮ್ಮ ಗೆಳತಿಯ ಪ್ರಶ್ನೆಯೂ ಇದೇ ರೀತಿ ಕ್ರೈಸ್ತ ವಿಶ್ವಾಸವನ್ನು ತಟ್ಟದೆ ಪಕ್ಕದಲ್ಲಿ ಹಾದುಹೋಗುತ್ತದೆ. ಯೇಸು ಸ್ವಾಮಿ ಬಾವಿಯ ಬಳಿ ದಣಿದು ಕುಳಿತದ್ದು, ದೋಣಿಯಲ್ಲಿ ನಿದ್ರಿಸಿದ್ದು, ಲಾಜರನ ಸಮಾಧಿಯ ಬಳಿ ಕಣ್ಣೀರು ಸುರಿಸಿದ್ದು, ಗೆತ್ಸೆಮನೆ ತೋಟದಲ್ಲಿ ಕಳವಳಗೊಂಡು ಪಿತನನ್ನು ಪ್ರಾರ್ಥಿಸಿದ್ದು ನಮ್ಮ ಶುಭಸಂದೇಶಗಳಲ್ಲಿಯೇ ಇವೆ, ಮತ್ತು ಧರ್ಮಸಭೆ ಅವನ್ನು ಎಂದೂ ಮರೆಮಾಚಿಲ್ಲ. ಅವರ ದೇಹ ಕೇವಲ ತೋರಿಕೆ, ಅವರು ನಿಜವಾಗಿ ನರಳಲಿಲ್ಲ ಎಂದು ಬೋಧಿಸಿದವರನ್ನು ಆರಂಭಕಾಲದಲ್ಲಿಯೇ ಸಭೆ ತಿರಸ್ಕರಿಸಿತು. 451ರಲ್ಲಿ ಕಾಲ್ಸೆಡೋನ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ, ಅವರು ಪೂರ್ಣ ದೇವರು ಮತ್ತು ಪೂರ್ಣ ಮನುಷ್ಯರು, ಎರಡು ಸ್ವಭಾವಗಳು ಒಬ್ಬರೇ ವ್ಯಕ್ತಿಯಲ್ಲಿ ಕಲಬೆರಕೆಯಾಗದೆ, ಬದಲಾಗದೆ, ಒಡೆಯದೆ, ಬೇರ್ಪಡದೆ ಕೂಡಿವೆ ಎಂದು ಘೋಷಿಸಿತು. (ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯ ಪರಂಪರೆ ಕಾಲ್ಸೆಡೋನ್ ಮಹಾಸಭೆಯ ನಿರ್ಣಯವನ್ನು ಒಪ್ಪುವುದಿಲ್ಲ, ಆದರೆ ಅವರೂ ಕ್ರಿಸ್ತನ ದೈವತ್ವ ಮತ್ತು ಮಾನವತ್ವ ಎರಡನ್ನೂ ಪೂರ್ಣವೆಂದೇ ನಂಬಿ, ಅವುಗಳ ಐಕ್ಯವನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ.) ಆದ್ದರಿಂದ 'ಅವರು ಊಟ ಮಾಡುತ್ತಿದ್ದರು' ಎಂದು ನಿಮ್ಮ ಗೆಳತಿ ಹೇಳಿದಾಗ 'ಹೌದು, ನಾವೂ ಅದನ್ನೇ ಹೇಳುತ್ತೇವೆ' ಎಂದು ನೀವು ಮನಃಪೂರ್ವಕವಾಗಿ ಒಪ್ಪಬಹುದು.

ನನ್ನ ತರಗತಿಯ ಮಕ್ಕಳ ಮುಸ್ಲಿಂ ಸಹಪಾಠಿಗಳಲ್ಲಿ ಅನೇಕರು, ಕ್ರೈಸ್ತರು ಒಬ್ಬ ಮನುಷ್ಯನನ್ನು ದೇವರ ಪಟ್ಟಕ್ಕೆ ಏರಿಸಿದ್ದಾರೆಂದೇ ತಿಳಿದಿರುತ್ತಾರೆ. ನಮ್ಮ ವಿಶ್ವಾಸದ ದಿಕ್ಕು ಅದಕ್ಕೆ ಪೂರ್ತಿ ವಿರುದ್ಧವಾದುದು. ಆದಿಯಿಂದ ದೇವರಲ್ಲಿದ್ದ, ದೇವರೇ ಆಗಿದ್ದ ವಾಣಿಯು ಮನುಷ್ಯನಾಯಿತು ಎಂದು ಯೊವಾನ್ನನ ಶುಭಸಂದೇಶದ ಮೊದಲ ಅಧ್ಯಾಯ ಹೇಳುತ್ತದೆ. ಅಂದರೆ ಮೇಲೇರಿದ್ದಲ್ಲ, ಇಳಿದು ಬಂದದ್ದು. ಆ ವಾಣಿಯಾದ ಸುತನು, ಅಂದರೆ ದೇವರ ಪುತ್ರನು, ಎಲ್ಲ ಸೃಷ್ಟಿಗಳಲ್ಲಿ ಶ್ರೇಷ್ಠನಾದರೂ ಸೃಷ್ಟಿಯೇ ಎಂದು ಅಲೆಕ್ಸಾಂಡ್ರಿಯದ ಧರ್ಮಗುರು ಅರಿಯಸ್ ವಾದಿಸಿದಾಗ, 325ರ ನಿಕೇಯ ಮಹಾಸಭೆ ಅದನ್ನು ನಿರಾಕರಿಸಿ, ಸುತನು ಪಿತನಿಂದ ಜನಿಸಿದವನೇ ಹೊರತು ಸೃಷ್ಟಿಸಲ್ಪಟ್ಟವನಲ್ಲ ಎಂದಿತು. ಈ ಜನನದಲ್ಲಿ ಶರೀರವಿಲ್ಲ, ಪತ್ನಿಯಿಲ್ಲ, ಕಾಲದ ಆರಂಭವೂ ಇಲ್ಲ. ದೇವರಿಗೆ ಸಂಗಾತಿ ಇದ್ದು ಮಗ ಹುಟ್ಟಿದನೆಂಬ ಕಲ್ಪನೆಯನ್ನು ಕುರಾನ್ ಖಂಡಿಸುವಷ್ಟೇ ಗಟ್ಟಿಯಾಗಿ ನಾವೂ ಖಂಡಿಸುತ್ತೇವೆ. ಮಾತೆ ಮರಿಯಮ್ಮನವರು ತ್ರಿತ್ವದ (ಪಿತ, ಸುತ, ಪವಿತ್ರಾತ್ಮ ಎಂಬ ಮೂವರಾಗಿ ಇರುವ ಏಕ ದೇವರ) ಭಾಗವಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿಬಿಡಿ. ಇಷ್ಟಾದ ಮೇಲೂ ಭೇದ ಉಳಿಯುತ್ತದೆ, ಮತ್ತು ಅದು ಸಣ್ಣದಲ್ಲ. ದೇವರು ತನ್ನ ಏಕತ್ವಕ್ಕೆ ಭಂಗವಿಲ್ಲದೆ ಮನುಷ್ಯನಾಗಬಲ್ಲನೆಂದು ನಾವು ನಂಬುತ್ತೇವೆ. ಹಾಗೆ ಹೇಳುವುದೇ ಏಕತ್ವಕ್ಕೆ ಭಂಗವೆಂದು ಅವರು ನಂಬುತ್ತಾರೆ. ವಾದವೆಲ್ಲ ನಿಜವಾಗಿ ನಿಲ್ಲಬೇಕಾದ ಜಾಗ ಇದು.

ಇತಿಹಾಸದ ವಿದ್ಯಾರ್ಥಿ, ಮೈಸೂರು

ಒಂದು ಪೂರ್ವನಿದರ್ಶನವನ್ನು ಮಾತ್ರ ಸೇರಿಸುತ್ತೇನೆ. 8ನೇ ಶತಮಾನದ ಕೊನೆಯ ಭಾಗದಲ್ಲಿ ಬಾಗ್ದಾದ್‌ನಲ್ಲಿ ಅಬ್ಬಾಸಿ ಖಲೀಫ ಅಲ್-ಮಹ್ದಿ ಮತ್ತು ಪೂರ್ವ ಸಿರಿಯನ್ ಕ್ರೈಸ್ತ ಸಭೆಯ ಮುಖ್ಯಸ್ಥರಾದ ಮೊದಲನೆಯ ತಿಮೊಥಿ ಇದೇ ವಿಷಯದ ಮೇಲೆ ಸಂವಾದ ನಡೆಸಿದರು. ದೇವರಿಗೆ ಮಗನಿರುವುದು ಹೇಗೆ ಎಂದು ಖಲೀಫರು ನೇರವಾಗಿ ಕೇಳಿದರು. ಸೂರ್ಯನಿಂದ ಬೆಳಕು ಹುಟ್ಟುವಂತೆ ಎಂದು ತಿಮೊಥಿ ಉತ್ತರಿಸಿದರು. ಖಲೀಫರು ಒಪ್ಪಲಿಲ್ಲ, ತಿಮೊಥಿಯೂ ಹಿಂದೆ ಸರಿಯಲಿಲ್ಲ. ರಾಜ್ಯಾಧಿಕಾರವೆಲ್ಲ ಒಬ್ಬರ ಕೈಯಲ್ಲಿದ್ದ ಸಂವಾದದಲ್ಲಿಯೂ ಇನ್ನೊಬ್ಬರು ತಮ್ಮ ಮಾತನ್ನು ಪೂರ್ಣವಾಗಿ ಹೇಳಲು ಸಾಧ್ಯವಾಯಿತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಪ್ರೊಟೆಸ್ಟೆಂಟ್ ಸಭೆಯ ಸದಸ್ಯೆ, ಧಾರವಾಡ

ತಂಗಿ, ಮುಸ್ಲಿಂ ನೆರೆಮನೆಯವರೊಂದಿಗೆ ಮಾತನಾಡುತ್ತಾ ನಾನು ಕಂಡುಕೊಂಡ ಒಂದು ಅಂಶ ಮೇಲಿನ ಉತ್ತರಗಳಲ್ಲಿ ಬಂದಿಲ್ಲ. ನಾವು ಯೇಸುವಿನ ದೈವತ್ವವನ್ನು ಶಿಲುಬೆಯಿಂದ ಬೇರ್ಪಡಿಸಿ ನೋಡುವುದಿಲ್ಲ: ಪಾಪದಿಂದ ಬಿಡಿಸಲು ದೇವರೇ ಬರಬೇಕಾಗಿತ್ತು, ನಮ್ಮ ಪರವಾಗಿ ಸಾಯಲು ಆತನು ಮನುಷ್ಯನೂ ಆಗಬೇಕಾಗಿತ್ತು ಎಂಬುದು ನಮ್ಮ ವಿಶ್ವಾಸ. ಮುಸ್ಲಿಮರಿಗೆ ಈ ಅಗತ್ಯವೇ ತೋರುವುದಿಲ್ಲ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ, ಪಶ್ಚಾತ್ತಾಪಪಟ್ಟವನನ್ನು ಅಲ್ಲಾಹನು ನೇರವಾಗಿ ಕ್ಷಮಿಸುತ್ತಾನೆ ಎಂಬುದು ಅವರ ನಂಬಿಕೆ. ಈಸಾರನ್ನು ವೈರಿಗಳು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ, ಅಲ್ಲಾಹನು ತನ್ನೆಡೆಗೆ ಎತ್ತಿಕೊಂಡನು ಎಂದು ಕುರಾನಿನ 4ನೇ ಅಧ್ಯಾಯ ಹೇಳುವುದರಿಂದ ಈ ಭಾಗದಲ್ಲಿ ನೋವು ಬೇಗ ಆಗುತ್ತದೆ. ಮೊದಲ ದಿನವೇ ಇಲ್ಲಿಗೆ ಬರಬೇಡಿ.

ಲೂಕನ ಸುವಾರ್ತೆಯ ಮೊದಲ ಅಧ್ಯಾಯವನ್ನೂ ಕುರಾನಿನ ಮರ್ಯಮ್ ಅಧ್ಯಾಯವಾದ ಸೂರಃ ಮರ್ಯಮ್ ಅನ್ನೂ ಒಟ್ಟಿಗೆ ಕುಳಿತು ಓದಿ. ಆಕೆ ನಿಮಗೆ ಲೂಕನನ್ನು ಓದಲಿ, ನೀವು ಆಕೆಗೆ ಕುರಾನಿನ ಕನ್ನಡ ಅನುವಾದವನ್ನು ಓದಿ. ಎರಡೂ ಕಡೆ ಕಥೆ ಮುಪ್ಪಿನಲ್ಲಿ ಮಗುವನ್ನು ಪಡೆದ ಜಕರೀಯನಿಂದ ಆರಂಭವಾಗುತ್ತದೆ, ಎರಡೂ ಕಡೆ ದೂತನ ಮಾತು ಕೇಳಿದ ಕನ್ಯೆ ಇದು ಹೇಗಾದೀತು ಎಂದು ಕೇಳುತ್ತಾಳೆ. ಹುಟ್ಟುವ ಪವಿತ್ರ ಶಿಶು ದೇವರ ಮಗನೆನಿಸಿಕೊಳ್ಳುವನೆಂದು ಲೂಕನಲ್ಲಿ ದೂತನು ಹೇಳುತ್ತಾನೆ. ಸೂರಃ ಮರ್ಯಮ್‌ನಲ್ಲಿ ತೊಟ್ಟಿಲ ಶಿಶುವೇ ಬಾಯಿ ತೆರೆದು ತಾನು ಅಲ್ಲಾಹನ ದಾಸನೆನ್ನುತ್ತದೆ. ಅಲ್ಲಿಗೆ ಬಂದಾಗ ಪುಸ್ತಕ ಮಡಚದೆ, ಆ ಮಾತು ನಿಮಗೆ ಏಕೆ ಪ್ರಿಯ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ.